ಸೀಮೆಸುಣ್ಣದ ಬಾಣ

ಸೂಜಿ ಹೊರಗೆ ಬಂದ ಮೇಲೂ ಅವನು ಕಣ್ಣು ಬಿಡಲಿಲ್ಲ. ಬಿಟ್ಟರೆ ಕೈ ಅಲ್ಲಿ ಇರುತ್ತದೋ ಇಲ್ಲವೋ ಎಂಬ ಚಿಕ್ಕ ಮಗುವಿನ ಹೆದರಿಕೆ. ಐವತ್ತಾರು ವರ್ಷದ ಗಂಡಸು, ಸಭಾಂಗಣಗಳಿಗೆ, ನಾಟಕದ ರಂಗಗಳಿಗೆ ಪರದೆ ಹೊಲಿದುಕೊಡುವ ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ಬಟ್ಟೆ ಕತ್ತರಿಸುತ್ತ ಬಂದವನು, ಅಲ್ಲಿ ಯಜಮಾನನಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರ ಬಾಯಲ್ಲೂ 'ಮಾಸ್ಟ್ರೇ' ಎನ್ನಿಸಿಕೊಳ್ಳುವವನು, ಒಂದು ಇಂಜೆಕ್ಷನ್ನಿಗೆ ಹೀಗೆ ಮುದುಡಿ ಕೂತಿದ್ದಾನೆಂದರೆ ಯಾರಾದರೂ ನಕ್ಕಾರು. ನಗಲಿ. ನಗುವವರ ಹೆಬ್ಬೆರಳ ಬುಡದಲ್ಲಿ ಒಂದು ದಿನ, ಬೇಡ, ಒಂದೇ ಒಂದು ಗಂಟೆ ಆ ಗಂಟು ಇದ್ದು ನೋಡಲಿ. ಅಂಗಿಯ ತೋಳು ತಾಕಿದರೆ ಸಾಕು, ಫ್ಯಾನಿನ ಗಾಳಿ ಸೋಕಿದರೆ ಸಾಕು, ಬೆರಳ ಬುಡದಿಂದ ಭುಜದವರೆಗೆ ಕರೆಂಟು ಹೊಡೆದ ಹಾಗೆ ಹೊಡೆದು ಕಣ್ಣಲ್ಲಿ ನೀರು ತರಿಸುವ ನೋವು. ಎರಡು ವರ್ಷದಿಂದ ಅವನು ಬಲಗೈಯನ್ನು ಎದೆಗೆ ಅವಚಿಕೊಂಡೇ ನಡೆಯುತ್ತಿದ್ದ. ಎದುರಿಗೆ ಬಂದವರು ಕುಲುಕಲೆಂದು ಕೈ ಚಾಚಿದರೆ ಜೀವ ಬಾಯಿಗೆ ಬರುತ್ತಿತ್ತು. "ನಿನ್ನ ಹೆಬ್ಬೆರಳನ್ನ ತೊಟ್ಟಿಲಲ್ಲಿ ಹಾಕಿ ತೂಗೋದೊಂದು ಬಾಕಿ," ಎನ್ನುತ್ತಿದ್ದಳು ಹೆಂಡತಿ. ಪಾಪ, ಅವಳು ನಗಿಸಲೆಂದೇ ಹೇಳಿದ್ದು.

"ಕಣ್ಣು ಬಿಡಿ. ನಿಮ್ಮ ಕೈಯನ್ನ ಯಾರೂ ಎತ್ತಿಕೊಂಡು ಹೋಗಿಲ್ಲ," ಎಂದರು ಡಾಕ್ಟರಮ್ಮ.

ಬಿಟ್ಟ. ಕೈ ಇತ್ತು. ಬಿಳಿ ಬಟ್ಟೆಯ ಮೇಲೆ ಅಂಗಾತ ಮಲಗಿತ್ತು. ಡಾಕ್ಟರಮ್ಮ ಪೆನ್ನಿನ ತುದಿಯಿಂದ ಹೆಬ್ಬೆರಳ ಬುಡದ ಹಳೆಯ ಗಾಯದ ಗೆರೆಯನ್ನು ಟಕಟಕ ತಟ್ಟಿದರು. ಹೋದ ವಾರ ಅದೇ ಜಾಗದಲ್ಲಿ ಅದೇ ಪೆನ್ನು ತಟ್ಟಿದಾಗ ಅವನು ಕುರ್ಚಿಯಿಂದ ಎದ್ದೇ ನಿಂತುಬಿಟ್ಟಿದ್ದ, ಹೊರಗೆ ಕಾಯುತ್ತಿದ್ದ ರೋಗಿಗಳೆಲ್ಲ ಬಾಗಿಲ ಕಡೆ ನೋಡುವ ಹಾಗೆ ಕೂಗಿದ್ದ. ಈಗ ಏನೂ ಇಲ್ಲ. ಪಕ್ಕದ ಮನೆಯ ಬಾಗಿಲನ್ನು ಯಾರೋ ತಟ್ಟಿದ ಹಾಗೆ ಸದ್ದು ಮಾತ್ರ ಕೇಳಿಸಿತು. ಅವತ್ತೇ ಅವರು ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದ್ದರು. ಕತ್ತರಿ ಜಾರಿ ಆ ಜಾಗ ಸೀಳಿದಾಗ ಒಳಗಿನ ನರ ಅರ್ಧ ತುಂಡಾಗಿದೆ. ಮೇಲಿನ ಗಾಯ ಮಾಗಿತು, ಒಳಗಿನದು ಮಾಗಲಿಲ್ಲ. "ತುಂಡಾದ ನರ ಸುಮ್ನಿರಲ್ಲ. ಕಳಕೊಂಡ ಇನ್ನೊಂದು ತುದೀನ ಹುಡುಕ್ತಾ ಹುಡುಕ್ತಾ ಬೆಳೆಯುತ್ತೆ. ಸಿಗದಿದ್ರೆ ಅಲ್ಲೇ ಸುತ್ತಿಕೊಂಡು ಗಂಟಾಗುತ್ತೆ. ಆ ಗಂಟು ತೆಗೆದು ನರದ ತುದೀನ ಮಾಂಸದೊಳಗೆ ಹೂತುಬಿಡ್ತೀನಿ. ನೋವು ಹೋಗುತ್ತೆ. ಆದರೆ ಉಳಿದಿರೋ ಅರ್ಧ ನರಾನೂ ಅದರ ಜೊತೆಗೇ ಹೋಗುತ್ತೆ. ನಿಮ್ಮ ಹೆಬ್ಬೆರಳ ತುದಿಗೆ ಸ್ಪರ್ಶ ಅನ್ನೋದು ಇರಲ್ಲ." ಬೇರೆ ಕಡೆಯ ನರ ತಂದು ಜೋಡಿಸಲಾಗುವುದಿಲ್ಲವೇ ಎಂದು ಕೇಳಿದ್ದ. ಹಳೆಯ ಗಾಯ, ಜೋಡಿಸಿದರೂ ಹಿಡಿಯುವ ಭರವಸೆ ಇಲ್ಲ ಎಂದಿದ್ದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದರೆ ಆಗುವುದಿಲ್ಲ ಎಂಬುದು ಅವರ ಮುಖದಲ್ಲೇ ಇತ್ತು.

"ಇದು ಬರೀ ಪರೀಕ್ಷೆ," ಎಂದರು ಈಗ, ಕೈಗವಸು ಕಳಚುತ್ತ. "ಆಪರೇಷನ್ ಆದ ಮೇಲೆ ನಿಮ್ಮ ಬೆರಳು ಜೀವನಪೂರ್ತಿ ಹೇಗಿರುತ್ತೋ, ಇವತ್ತು ಸಂಜೆವರೆಗೆ ಹಾಗಿರುತ್ತೆ. ಕೆಲಸಕ್ಕೆ ಹೋಗಿ. ಊಟ ಮಾಡಿ. ಅಂಗಿ ಗುಂಡಿ ಹಾಕಿ ನೋಡಿ. ಹೀಗೆ ಬದುಕೋಕಾಗುತ್ತಾ ಅಂತ ನಾಲ್ಕು ಗಂಟೆಗೆ ಬಂದು ಹೇಳಿ. ಆಗುತ್ತೆ ಅಂದ್ರೆ ನಾಡಿದ್ದು ಗುರುವಾರ ಕೊಯ್ತೀನಿ. ಆಗಲ್ಲ ಅಂದ್ರೆ ನೋವಿನ ಜೊತೆ ಬಾಳಬೇಕು. ಮೂರನೇ ದಾರಿ ನನ್ನ ಹತ್ರ ಇಲ್ಲ."

ಬೀದಿಗೆ ಬಂದಾಗ ಮೊದಲು ಅವನ ಅರಿವಿಗೆ ಬಂದದ್ದು ಸದ್ದು. ಬಸ್ಸುಗಳ ಹಾರನ್ನು, ಕಬ್ಬಿಣದ ಅಂಗಡಿಯವನ ಸುತ್ತಿಗೆ, ಯಾರೋ ಹೆಂಗಸು ಯಾರನ್ನೋ ಬೈಯುತ್ತಿದ್ದದ್ದು, ಎಲ್ಲ ಇದ್ದಕ್ಕಿದ್ದಂತೆ ಹತ್ತಿರ ಬಂದು ನಿಂತವು. ಎರಡು ವರ್ಷ ಇವೆಲ್ಲ ಎಲ್ಲಿದ್ದವು? ನೋವು ಅವನ್ನೆಲ್ಲ ದೂರ ತಳ್ಳಿ ತಾನೊಂದೇ ಕೂಗುತ್ತಿತ್ತೆಂದು ಅವನಿಗೆ ತಿಳಿದೇ ಇರಲಿಲ್ಲ. ಮನುಷ್ಯನಾದವನಿಗೆ ಈಗ ಸಂತೋಷವಾಗಬೇಕು. ಅವನಿಗೂ ಆಯಿತು, ಹತ್ತಿಪ್ಪತ್ತು ಹೆಜ್ಜೆ. ಎಳೆಯ ಹುಡುಗನ ಹಾಗೆ ಕೈ ಬೀಸಿಕೊಂಡು ನಡೆದ. ಆಮೇಲೆ ಕೈ ಬೀಸುತ್ತಿರುವುದು ತಾನೋ ಬೇರೆ ಯಾರೋ ಎನ್ನಿಸಿ ಹೆದರಿ, ಮತ್ತೆ ಅದನ್ನು ಎಡಗೈಯಿಂದ ಹಿಡಿದುಕೊಂಡ. ಹೆಬ್ಬೆರಳು ತಣ್ಣಗೆ, ಮೆತ್ತಗೆ, ಸಂತೆಯಲ್ಲಿ ಎತ್ತಿಕೊಂಡ ಯಾವುದೋ ತರಕಾರಿಯ ಹಾಗಿತ್ತು. ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಏನಾಯ್ತು? ಚುಚ್ಚಿದ್ರಾ?" ಹೆಂಡತಿ.

"ಚುಚ್ಚಿದ್ರು."

"ನೋವು?"

"ಇಲ್ಲ."

"ಇಲ್ವಾ? ಅಬ್ಬಾ, ದೇವರೇ! ಮತ್ತೆ ಯಾಕೆ ಸತ್ತವರ ಮನೆ ದನಿ? ಗುರುವಾರ ಮಾಡಿಸಿ ಬಿಸಾಕು ಅತ್ತ. ಅಂಗೈ ಹುಣ್ಣು ನೋಡೋಕೆ ಕನ್ನಡಿ ಹುಡುಕ್ತಾ ಕೂತ್ಕೋಬೇಡ."

"ಬಟ್ಟೆ ಮುಟ್ಟಿದ್ರೆ ಗೊತ್ತಾಗಲ್ಲ ಕಣೇ ಆಮೇಲೆ."

"ಗೊತ್ತಾಗದಿದ್ರೆ ಬೇಡ. ಬೇರೆ ಒಂಬತ್ತು ಬೆರಳು ಏನು ಅತ್ತೆಮನೆಗೆ ಬಂದಿದ್ದಾವಾ ಕೂತು ತಿನ್ನೋಕೆ? ಅವೂ ದುಡೀಲಿ."

ಅವನು ನಕ್ಕ. ನಕ್ಕದ್ದು ಅವಳಿಗೆ ಕೇಳಿಸಲಿ ಎಂದು ಸ್ವಲ್ಪ ಜೋರಾಗಿಯೇ ನಕ್ಕ. ಮೂವತ್ತು ವರ್ಷದಿಂದ ಅವಳಿಗೆ ಹೇಳದೆ ಉಳಿಸಿಕೊಂಡದ್ದು ಏನೂ ಇರಲಿಲ್ಲ, ಎಂಟು ತಿಂಗಳ ಹಿಂದಿನ ಆ ಒಂದು ಸಂಗತಿಯ ಹೊರತು. ಅದನ್ನು ನೆನೆಯಬಾರದೆಂದು ಅವನು ಹೆಜ್ಜೆ ಜೋರು ಮಾಡಿದ. ಬೇರೆ ದಿನಗಳಲ್ಲಿ ಅದು ನೆನಪಿಗೆ ಬರುವ ಸೂಚನೆ ಕಂಡ ಕೂಡಲೆ ಅವನಿಗೊಂದು ಉಪಾಯ ಗೊತ್ತಿತ್ತು. ಹೆಬ್ಬೆರಳ ಬುಡವನ್ನು ಮೆಲ್ಲನೆ ತೊಡೆಗೆ ತಾಗಿಸುವುದು. ನೋವು ಎದ್ದು ಬಂದು ನೆನಪನ್ನು ಒದ್ದೋಡಿಸುತ್ತಿತ್ತು. ಈಗ ತಾಗಿಸಿದ. ತೊಡೆಗೆ ತಿಳಿಯಿತು, ಬೆರಳಿಗೆ ತಿಳಿಯಲಿಲ್ಲ.

ಕಾರ್ಖಾನೆಯಲ್ಲಿ ಉದ್ದನೆಯ ಮೇಜಿನ ಮೇಲೆ ಕಡು ಹಸಿರು ಮಖಮಲ್ಲಿನ ಹೊಸ ಸುರುಳಿ ಬಂದು ಕೂತಿತ್ತು. ಯಾವುದೋ ಶಾಲೆಯ ಸಭಾಂಗಣಕ್ಕಂತೆ, ಎಂಟು ಪಟ್ಟಿ, ಒಂದೊಂದೂ ಹದಿನೆಂಟು ಅಡಿ. ಮಖಮಲ್ಲಿಗೆ ರೋಮವಿರುತ್ತದೆ, ಬೆಕ್ಕಿನ ಮೈಯ ಹಾಗೆ. ಒಂದು ಕಡೆಗೆ ಸವರಿದರೆ ನುಣ್ಣಗೆ ಮಲಗುತ್ತದೆ, ಇನ್ನೊಂದು ಕಡೆಗೆ ಸವರಿದರೆ ಎದ್ದು ತಡೆಯುತ್ತದೆ. ಎಲ್ಲ ಪಟ್ಟಿಗಳ ರೋಮವೂ ಒಂದೇ ದಿಕ್ಕಿಗೆ ಮಲಗಬೇಕು. ಒಂದು ಪಟ್ಟಿ ತಲೆಕೆಳಗಾದರೂ ರಂಗದ ದೀಪ ಹತ್ತಿದೊಡನೆ ಅದೊಂದೇ ಬೇರೆ ಬಟ್ಟೆಯ ಹಾಗೆ ಕಪ್ಪಿಟ್ಟು ನಿಲ್ಲುತ್ತದೆ. ಕಾರ್ಖಾನೆಯ ಟ್ಯೂಬ್‌ಲೈಟಿನಲ್ಲಿ ಕಣ್ಣಿಗೆ ಅದು ಸುಲಭವಾಗಿ ಸಿಕ್ಕುವುದಿಲ್ಲ, ಬೆರಳಿಗೇ ಸಿಕ್ಕಬೇಕು. ಅದಕ್ಕೇ ಕತ್ತರಿಸುವವನು ಪ್ರತಿ ಸುರುಳಿಯನ್ನೂ ಹೆಬ್ಬೆರಳಿಂದ ಸವರಿ, ಪಟ್ಟಿಯ ಬೆನ್ನಿಗೆ ಸೀಮೆಸುಣ್ಣದಲ್ಲಿ ಒಂದು ಬಾಣ ಬರೆಯುತ್ತಾನೆ, ರೋಮ ಮಲಗುವ ಕಡೆಗೆ ತಲೆ ಮಾಡಿ. ಹೊಲಿಯುವವರು ಸವರಿ ನೋಡುವುದಿಲ್ಲ, ನೋಡುವ ಪದ್ಧತಿಯೂ ಇಲ್ಲ. ಬಾಣಗಳೆಲ್ಲ ಮೇಲಕ್ಕೆ ಬರುವ ಹಾಗೆ ಪಟ್ಟಿ ಜೋಡಿಸಿ ಹೊಲಿಯುತ್ತಾರೆ. ಬಾಣ ಅಂದರೆ ಮಾಸ್ಟರನ ಮಾತು.

ಅವನು ಬಟ್ಟೆ ಮುಟ್ಟಿದ. ಮುಟ್ಟಿದ ಎನ್ನುವುದು ಮಾತಿಗೆ, ಬೆರಳು ಹೋಗಿ ಬಟ್ಟೆಯ ಮೇಲೆ ಇಳಿದದ್ದನ್ನು ಕಣ್ಣಿಂದ ನೋಡಿದ ಅಷ್ಟೆ. ಮುಂದಕ್ಕೆ ಎಳೆದ, ಹಿಂದಕ್ಕೆ ಎಳೆದ. ಮಖಮಲ್ಲೋ, ಮೇಜಿನ ಹಲಗೆಯೋ, ಗಾಳಿಯೋ. ಕಿವಿಯ ಹಿಂದೆ ಬೆವರು ಇಳಿಯಿತು. ಎಡ ಹೆಬ್ಬೆರಳಿಂದ ಸವರಿದ. ಅದು ಏನೋ ಹೇಳಿತು, ಈ ಕಡೆ ಎಂದಿತು, ಆದರೆ ಅದನ್ನು ನಂಬುವುದು ಹೇಗೆ? ಮೂವತ್ತು ವರ್ಷದಲ್ಲಿ ಒಂದು ಸಲವೂ ಅದನ್ನು ಕೇಳಿದವನಲ್ಲ. ಮತ್ತೊಮ್ಮೆ ಸವರಿದ, ಈ ಸಲ ಆ ಕಡೆ ಎಂದ ಹಾಗಾಯಿತು. ಗುರುವಾರದ ಮೇಲೆ ಪ್ರತಿ ಬೆಳಗ್ಗೆಯೂ ಹೀಗೆಯೇ. ಮೇಜಿನ ಮುಂದೆ ನಿಂತು, ಏನೂ ತಿಳಿಯದೆ, ತಿಳಿದವನ ಮುಖ ಹಾಕಿಕೊಂಡು. ಕೈಯಲ್ಲಿದ್ದ ಸೀಮೆಸುಣ್ಣ ಯಾವಾಗಲೋ ಜಾರಿ ಬಿದ್ದಿತ್ತು, ಬಿದ್ದದ್ದೂ ತಿಳಿಯಲಿಲ್ಲ, ನೆಲದ ಮೇಲೆ ಎರಡು ತುಂಡಾದ ಮೇಲೆ ಸದ್ದಿನಿಂದ ತಿಳಿಯಿತು.

"ಏನ್ ಮಾಸ್ಟ್ರೇ, ಬಟ್ಟೆ ಜೊತೆ ಮಾತಾಡ್ತಾ ಇದ್ದೀರೋ?" ಯಜಮಾನ ಬಾಗಿಲಲ್ಲಿ ನಿಂತಿದ್ದ. ಒಳ್ಳೆಯ ಮನುಷ್ಯ, ಆದರೆ ಒಳ್ಳೆಯತನವನ್ನು ಎಲ್ಲರಿಗೂ ಕೇಳಿಸುವ ಹಾಗೆ ಮಾಡುವವನು.

"ಇವತ್ತು ಕತ್ತರಿಸೋದು ಬೇಡ. ನಾಳೆ ಮಾಡ್ತೀನಿ. ಕೈಗೆ ಇಂಜೆಕ್ಷನ್ ಕೊಟ್ಟಿದ್ದಾರೆ."

"ನಿಮ್ಮ ಹೆಬ್ಬೆರಳದ್ದೊಂದು ರಜೆ ಅರ್ಜಿ ಬರೆದುಕೊಡಿ, ಸಹಿ ಹಾಕ್ತೀನಿ!" ಮಿಷನ್ನುಗಳ ಹಿಂದಿನಿಂದ ಯಾರೋ ಕಿಸಕ್ಕೆಂದರು. ಯಜಮಾನನಿಗೆ ಅಷ್ಟು ಸಾಕಾಯಿತು. ಹತ್ತಿರ ಬಂದು ದನಿ ಇಳಿಸಿದ. "ನಿಧಾನಕ್ಕೆ ಮಾಡಿ. ಆದ್ರೆ ನೀಲಿ ಪರದೆ ಕಥೆ ಮಾತ್ರ ಮತ್ತೆ ಆಗಬಾರದು. ಅವತ್ತಿಂದು ಮಿಷನ್ ಅಕ್ಕನ ಕಣ್ಣಿನ ತಪ್ಪು, ಒಪ್ಕೊಳ್ತೀನಿ. ನಿಮ್ಮ ಕೆಲಸದಲ್ಲಿ ನಾನು ಯಾವತ್ತಾದ್ರೂ ಕೈಯಿಟ್ಟು ನೋಡಿದ್ದೀನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವನ ಕೈ ತಾನಾಗಿ ಹೋಗಿ ಬೆನ್ನ ಹಿಂದೆ ಅವಿತುಕೊಂಡಿತು.

ನೀಲಿ ಪರದೆ. ಏಳು ಪಟ್ಟಿ. ಆರು ಒಂದೇ ಸುರುಳಿಯವು, ಏಳನೆಯದಕ್ಕೆ ಬಟ್ಟೆ ಸಾಲದೆ ಹೊಸ ಸುರುಳಿ ಬಿಚ್ಚಿದ. ಹೊಸ ಸುರುಳಿ ಬಿಚ್ಚಿದರೆ ಸವರಿ ನೋಡಲೇಬೇಕು, ಗಿರಣಿಯಲ್ಲಿ ಯಾವ ಕಡೆಯಿಂದ ಸುತ್ತಿರುತ್ತಾರೋ. ಅದು ಗೊತ್ತಿಲ್ಲದವನು ಮಾಸ್ಟರೇ ಅಲ್ಲ. ಆದರೆ ಅವತ್ತು ಬೆಳಗಿನಿಂದ ಗಂಟು ಕುದಿಯುತ್ತಿತ್ತು. ಬೆರಳನ್ನು ಬಟ್ಟೆಯ ಹತ್ತಿರ ಒಯ್ದರೆ ಸಾಕು ಹಲ್ಲು ಕಚ್ಚಿಕೊಳ್ಳುವ ಹಾಗಾಗುತ್ತಿತ್ತು. ಒಂದು ಸಲ, ಹೀಗೇ ಇರುತ್ತದೆ ಬಿಡು ಎಂದುಕೊಂಡು, ಮುಟ್ಟದೆಯೇ ಬಾಣ ಬರೆದುಬಿಟ್ಟ. ಒಂದು ಗೆರೆ, ಅದರ ತಲೆಗೆ ಎರಡು ಗೀಟು. ತಿಂಗಳಾದ ಮೇಲೆ ಆ ರಂಗದ ಮೇಲೆ ದೀಪ ಹತ್ತಿತು, ತುಂಬಿದ ಸಭೆ ನಕ್ಕಿತು. ಪರದೆಯ ನಡುಮಧ್ಯೆ ಒಂದು ಪಟ್ಟಿ ಮಾತ್ರ ಯಾರೋ ನೀರು ಸುರಿದ ಹಾಗೆ ಕಪ್ಪಗೆ. ಮಾರನೆ ದಿನ ಪರದೆಯನ್ನು ರಂಗದ ನೆಲಕ್ಕೆ ಇಳಿಸಿದರು. ಯಜಮಾನ ಕೆಳಗೆ ಖಾಲಿ ಕುರ್ಚಿಗಳ ನಡುವೆ ನಿಂತು ಕೂಗಿದ, "ಬಾಣ ಯಾವ ಕಡೆ ಇದೆ ನೋಡಿ ಮಾಸ್ಟ್ರೇ! ಅದರಲ್ಲೇ ಗೊತ್ತಾಗುತ್ತೆ ಯಾರ ತಪ್ಪು ಅಂತ!" ಅವನು ಮೊಣಕಾಲೂರಿ ಬಟ್ಟೆ ಮಗುಚಿದ. ಏಳನೆಯ ಪಟ್ಟಿಯ ಬಾಣ ಉಳಿದ ಆರರ ಹಾಗೆಯೇ ಮೇಲ್ಮುಖವಾಗಿತ್ತು. ಅವನ ಕೈಯದೇ, ಸುಳ್ಳು ಬಾಣ. ಆಮೇಲೆ ನಡೆದದ್ದಕ್ಕೆ ಒಮ್ಮೆ ಸೀನುವಷ್ಟು ಹೊತ್ತು ಹಿಡಿದಿರಬಹುದು. ಬೆನ್ನನ್ನು ಯಜಮಾನನ ಕಡೆ ಮಾಡಿ ಬಾಣದ ತಲೆಯ ಎರಡು ಗೀಟನ್ನು ಹೆಬ್ಬೆರಳಿಂದ ಒರೆಸಿದ, ಜೇಬಿನ ಸೀಮೆಸುಣ್ಣದಿಂದ ಗೆರೆಯ ಬುಡಕ್ಕೆ ಎರಡು ಗೀಟು ಎಳೆದ. ಬಾಣ ಕೆಳಮುಖವಾಯಿತು. ಒರೆಸುವಾಗ ಗಂಟು ಬಟ್ಟೆಗೆ ಉಜ್ಜಿ ಪ್ರಾಣ ಹೋದ ಹಾಗಾಗಿ "ಅಯ್ಯೋ!" ಎಂದು ಚೀರಿದ. ಯಜಮಾನ ಓಡಿ ಬಂದ. ತಪ್ಪು ಕಂಡು ಮಾಸ್ಟ್ರು ಹೊಟ್ಟೆಯುರಿದು ಕೂಗಿದ್ದಾರೆ ಎಂದುಕೊಂಡ.

ಮಿಷನ್ ಅಕ್ಕನನ್ನು ಕರೆಸಿದರು. ಇಪ್ಪತ್ತೆರಡು ವರ್ಷದಿಂದ ಅವನ ಬಾಣಗಳನ್ನು ಹೊಲಿದವಳು, ಹೆಸರು ಹಿಡಿದು ಯಾರೂ ಕರೆಯದೆ ಅಕ್ಕನೇ ಆಗಿಹೋದವಳು. ಅವಳು ಜಗಳವಾಡಿದ್ದರೆ ಅವನು ನಿಜ ಹೇಳಿ ಉಳಿದುಕೊಳ್ಳುತ್ತಿದ್ದನೋ ಏನೋ. ಅವಳು ಬಗ್ಗಿ ಆ ಬಾಣವನ್ನೇ ನೋಡಿದಳು, ತುಂಬ ಹೊತ್ತು ನೋಡಿದಳು. "ಏಳೂ ಮೇಲಕ್ಕೇ ಇತ್ತು ಅಂತ ನನ್ನ ನೆನಪು," ಎಂದಳು. ಆಮೇಲೆ ಅವನ ಮುಖ ನೋಡಿ, "ಮಾಸ್ಟ್ರ ಬಾಣ ಸುಳ್ಳು ಹೇಳಲ್ಲ. ನನ್ನ ಕಣ್ಣೇ ಹೋಗಿರಬೇಕು," ಎಂದಳು. ಯಾರೂ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಅವಳೇ ವಾರದಲ್ಲಿ ಬಿಟ್ಟಳು.

ಹಸಿರು ಮಖಮಲ್ಲಿನ ಮೂಲೆಯಿಂದ ಅಂಗೈಯಷ್ಟು ತುಂಡು ಕತ್ತರಿಸಿ, ಅದರ ಮೇಲಿನ ಅಂಚಿಗೆ ಸೀಮೆಸುಣ್ಣದ ಗುರುತಿಟ್ಟು, ಜೇಬಿಗೆ ಹಾಕಿಕೊಂಡು ಅವನು ಮಧ್ಯಾಹ್ನ ಹೊರಟ. ಊಟದ ಡಬ್ಬಿ ಮುಟ್ಟಲಿಲ್ಲ. ಅಕ್ಕ ಸವರಿ ದಿಕ್ಕು ಹೇಳಿಯಾಳು, ಬಾಣ ಬರೆದು ಕೆಲಸ ಮುಗಿಸಿಯೇನು, ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡ. ಅಷ್ಟೇ ಆಗಿದ್ದರೆ ಕಾರ್ಖಾನೆಯಲ್ಲಿ ಎಂಟು ಜನ ಹೊಲಿಯುವವರಿದ್ದರು, ಯಾರನ್ನಾದರೂ ಕೇಳಬಹುದಿತ್ತು. ದೊಡ್ಡ ರಸ್ತೆಯಾಚೆ, ಮಾಳಿಗೆ ಮೇಲಿನ ಒಂದು ಕೋಣೆ ಅವಳದು. ಮೆಟ್ಟಿಲ ಕಟಕಟೆ ಹಿಡಿದು ಹತ್ತುವಾಗ ಬಲಗೈ ಹಿಡಿದಿದೆಯೋ ಇಲ್ಲವೋ ತಿಳಿಯದೆ ಎರಡು ಸಲ ಜಾರಿದ. ಎಂಟು ತಿಂಗಳಲ್ಲಿ ಅವನು ಇಲ್ಲಿಗೆ ಬಂದಿರಲಿಲ್ಲ. ಬರಲಿಲ್ಲವೇಕೆ ಎಂದರೆ ಕೈನೋವು ಎನ್ನುತ್ತಿದ್ದ, ಹೆಂಡತಿಯೂ ನಂಬಿದ್ದಳು.

ಅಕ್ಕ ನೆಲದ ಮೇಲೆ ಕೂತು ಔಷಧಿ ಅಂಗಡಿಗೆ ಕಾಗದದ ಚೀಲ ಅಂಟಿಸುತ್ತಿದ್ದಳು. ಕಣ್ಣಿಗೊಂದು ಕನ್ನಡಕ, ಹಣೆಯ ಮೇಲೊಂದು ಕನ್ನಡಕ.

"ಯಾರು? ಮಾಸ್ಟ್ರಾ! ಬನ್ನಿ ಬನ್ನಿ. ದಾರಿ ತಪ್ಪಿ ಬಂದ್ರಾ ಏನು ಕಥೆ? ಎರಡು ಕನ್ನಡಕ ನೋಡಿ ಹೆದರಬೇಡಿ. ಒಂದು ಹತ್ತಿರಕ್ಕೆ, ಇನ್ನೊಂದು ದೂರಕ್ಕೆ. ನಡುವೆ ಬಂದವರು ಕಾಣೋದೇ ಇಲ್ಲ." ತನ್ನ ಮಾತಿಗೆ ತಾನೇ ನಕ್ಕಳು. "ಇದು ಕಣ್ಣು ಮುಚ್ಕೊಂಡು ಮಾಡೋ ಕೆಲಸ, ಅದಕ್ಕೇ ಹಿಡಿದೆ. ಸೂಜಿಗೆ ದಾರ ಪೋಣಿಸೋದು ಬಿಟ್ಟೇಬಿಟ್ಟೆ. ಅಳಿಯನ ಅಂಗಿಗೆ ಒಂದು ಗುಂಡಿ ಹಾಕು ಅಂತ ಮಗಳು ಅಂದ್ರೆ ಕೈ ನಡುಗುತ್ತೆ. ರಸ್ತೆ ಒಬ್ಬಳೇ ದಾಟಿಲ್ಲ, ಎಂಟು ತಿಂಗಳಾಯ್ತು. ಯಾರಾದ್ರೂ ಕೈ ಹಿಡ್ಕೋಬೇಕು."

"ಕಣ್ಣಿನ ಡಾಕ್ಟರು ಏನಂದ್ರು?"

"ಅವನಾ? ನಿಮ್ಮ ಕಣ್ಣು ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿದೆ ಅಂದ. ಅವನಿಗೇನು ಗೊತ್ತು! ಆ ಬಾಣ ನೋಡಿದವಳು ನಾನು. ಜೋರು ಮಾಡಿ ಬರೆಸಿಕೊಂಡೆ ಈ ಎರಡನ್ನೂ."

ಅವನು ಜೇಬಿನಿಂದ ಹಸಿರು ತುಂಡನ್ನು ತೆಗೆದು ಕೊಟ್ಟ. ಅದೊಂದೇ ಅವನಿಗೆ ಆ ಕ್ಷಣಕ್ಕೆ ಮಾಡಲು ಬಂದದ್ದು. ಅವಳು ಅಂಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳಿಂದ ಒಂದೇ ಸಲ ಸವರಿ, "ಈ ಕಡೆ," ಎಂದಳು. "ಮಾಸ್ಟ್ರು ನನ್ನ ಕೇಳೋದಾ? ಕಲಿಗಾಲ!"

ಅವಳ ಮುಖದಲ್ಲಿ ಬಂದ ಸಂತೋಷವನ್ನು ಅವನಿಂದ ನೋಡಲಾಗಲಿಲ್ಲ. ಈಗ ನೋವು ಬರಬೇಕಿತ್ತು, ಇಂಥ ಹೊತ್ತಿಗೆಲ್ಲ ಅದು ತಪ್ಪದೆ ಬರುತ್ತಿತ್ತು, ಬಂದು ಅವನನ್ನು ಮಾತಿನಿಂದ ಬಿಡಿಸುತ್ತಿತ್ತು. ಬರಲಿಲ್ಲ. ಕೋಣೆಯಲ್ಲಿ ಅಂಟಿನ ವಾಸನೆ, ಕಿಟಕಿಯಲ್ಲಿ ಒಣಗಲು ಹಾಕಿದ ಒಂದು ಟವೆಲ್ಲು. ಎಂಟು ತಿಂಗಳು ತಾನು ನೋವನ್ನು ಅನುಭವಿಸುತ್ತಿದ್ದೇನಲ್ಲ, ಅದೇ ಶಿಕ್ಷೆ, ಅಷ್ಟು ಸಾಕು ಎಂದು ನಂಬಿಕೊಂಡಿದ್ದ. ಅದು ಇರುವವರೆಗೆ ಬೇರೆ ಏನೂ ಮಾಡಬೇಕಾಗಿರಲಿಲ್ಲ. ಗುರುವಾರದಿಂದ ಅದೂ ಇಲ್ಲ. ಆಮೇಲೆ ಉಳಿಯುವುದು ತಾನು, ಈ ಸಂಗತಿ, ಮತ್ತು ಇವಳ ಎರಡು ಕನ್ನಡಕ.

"ಅಕ್ಕಾ, ನಿನ್ನ ಕಣ್ಣಿಗೆ ಏನೂ ಆಗಿರಲಿಲ್ಲ," ಎಂದ. ದನಿ ತನ್ನದೆನ್ನಿಸಲಿಲ್ಲ. "ಬಾಣ ಮೇಲಕ್ಕೇ ಇತ್ತು. ನಾನು ಸವರದೆ ಬರೆದಿದ್ದೆ. ಅವತ್ತು ರಂಗದ ಮೇಲೆ ಒರೆಸಿ, ತಿರುಗಿಸಿ ಬರೆದೆ."

ಅವಳ ಕೈಯಲ್ಲಿ ಅರ್ಧ ಮಡಚಿದ ಚೀಲ ಹಾಗೇ ನಿಂತಿತು. ಅವಳು ಕಣ್ಣಿನ ಕನ್ನಡಕ ತೆಗೆದಳು. ಹಣೆಯದನ್ನೂ ತೆಗೆದಳು. ಎರಡನ್ನೂ ಮಡಿಲಲ್ಲಿಟ್ಟುಕೊಂಡು ಬಾಗಿಲ ಕಡೆ ನೋಡಿದಳು.

"ನೀವು ಅಯ್ಯೋ ಅಂದ್ರಂತಲ್ಲ ಅವತ್ತು. ಯಜಮಾನ್ರು ಹೇಳಿದ್ರು. ನಂಗೋಸ್ಕರ ಮರುಗಿ ಅಂದ್ರಿ ಅಂದ್ಕೊಂಡಿದ್ದೆ."

"ಬೆರಳು ಉಜ್ಜಿತ್ತು."

"ಯಜಮಾನ್ರಿಗೆ ಹೇಳಿದ್ದೀರಾ?"

"ಇಲ್ಲ."

"ನಂಗೆ ಮಾತ್ರ. ಗುಟ್ಟಾಗಿ." ಅವಳು ಮುಂದಕ್ಕೆ ಸರಿದು ಅವನ ಬಲಗೈಯನ್ನು ತನ್ನ ಕೈಗೆ ತೆಗೆದುಕೊಂಡಳು. ಅವನು ಹಳೆಯ ಅಭ್ಯಾಸದಿಂದ ಉಸಿರು ಬಿಗಿಹಿಡಿದ. "ಇಲ್ಲೇ ಅಲ್ವಾ ಗಂಟು? ಗಾಳಿ ತಾಗಿದ್ರೂ ಕುಣೀತಿದ್ರಲ್ಲ." ಗಾಯದ ಗೆರೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. "ನೋಯುತ್ತಾ?"

"ಇಲ್ಲ. ಬೆಳಗ್ಗೆ ಇಂಜೆಕ್ಷನ್ ಕೊಟ್ಟಿದ್ದಾರೆ. ಗುರುವಾರ ಆಪರೇಷನ್ ಆದ್ರೆ ಪೂರ್ತಿ ಹೋಗುತ್ತಂತೆ."

ಅವಳು ಉಗುರಿಟ್ಟು ಒತ್ತಿದಳು. ಉಗುರು ಒಳಗಿಳಿದು ಚರ್ಮ ಬೆಳ್ಳಗಾಗುವುದನ್ನು ಅವನು ನೋಡಿದ. "ಈಗ?"

"ಇಲ್ಲ."

"ಮತ್ತೆ ಅದೇನು ಮಹಾ ಹೇಳಿದ ಹಾಗಾಯ್ತು?" ಕೈ ಬಿಟ್ಟಳು. ಕೂಗಲಿಲ್ಲ, ಕೂಗಿದ್ದರೆ ಚೆನ್ನಾಗಿತ್ತು. "ನೋವಿದ್ದಾಗ ಎಂಟು ತಿಂಗಳು ಬಾಯಿ ಹೊಲ್ಕೊಂಡಿದ್ರಿ. ಈಗ ಸೂಜಿ ಚುಚ್ಚಿಸ್ಕೊಂಡು ಆರಾಮಾಗಿ ಬಂದು ಹೇಳ್ತೀರಿ. ನೋವು ಬಂದ ಮೇಲೆ ಬಂದು ಹೇಳಿ, ಮಾಸ್ಟ್ರೇ. ಅಲ್ಲಿವರೆಗೆ ನಾನು ಕೇಳಿಲ್ಲ. ಹೋಗಿ, ನಂಗೆ ಕೆಲಸ ಇದೆ."

ನಾಲ್ಕು ಗಂಟೆಗೆ ಅವನು ಡಾಕ್ಟರಮ್ಮನ ಎದುರಿಗಿದ್ದ. ನಡುವಿನ ಹೊತ್ತು ಎಲ್ಲಿ ಕಳೆದ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಎಷ್ಟೋ ಬಸ್ಸುಗಳನ್ನು ಹೋಗಗೊಟ್ಟಿದ್ದ. ಬೆರಳ ಬುಡದಲ್ಲಿ ಉಗುರಿನ ಗುರುತು ಚಂದ್ರನ ತುಂಡಿನ ಹಾಗೆ ಕೆಂಪಗೆ ಕೂತಿತ್ತು. ಡಾಕ್ಟರಮ್ಮ ಅದನ್ನು ನೋಡಿ ಹುಬ್ಬೇರಿಸಿದರು, ಏನೂ ಕೇಳಲಿಲ್ಲ.

"ಹೇಗಿತ್ತು? ಬದುಕೋಕಾಗುತ್ತಾ?"

"ಗೊತ್ತಿಲ್ಲ. ಹೆದರಿಕೆಯಾಯ್ತು. ಬಟ್ಟೆ ತಿಳೀಲಿಲ್ಲ." ಬಲಗೈಯನ್ನು ಮೇಜಿನ ಮೇಲಿಟ್ಟ. "ಆದ್ರೆ ನೋವಿಟ್ಕೊಂಡೂ ಏನೂ ಉಪಯೋಗ ಆಗ್ಲಿಲ್ಲ. ತೆಗೆದುಬಿಡಿ."

ಒಪ್ಪಿಗೆಯ ಕಾಗದ ಮುಂದೆ ಬಂತು. ಪೆನ್ನು ಹಿಡಿದಿದ್ದೇನೆ ಎಂದು ಕಣ್ಣಿಂದ ನೋಡಿಕೊಂಡು ಸಹಿ ಮಾಡಿದ, ಅದು ಓರೆಯಾಗಿ ಗೆರೆಯ ಕೆಳಗೆ ಜಾರಿತು. ಏಳುವ ಮುಂಚೆ ಕೇಳಿದ, "ಗುರುವಾರದ ಮೇಲೆ ಈ ನೋವು ಇನ್ನು ಬರೋದೇ ಇಲ್ವಾ?"

"ಬರಬಾರದು ಅಂತಾನೇ ಅಲ್ವಾ ಕೊಯ್ಯೋದು?"

"ಒಂದು ಸಲಾನೂ?"

ಅವರು ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದರು. "ಬೇಕಿತ್ತಾ ನಿಮಗೆ?" ಅವನು ಉಗುರಿನ ಗುರುತನ್ನು ನೋಡಿಕೊಂಡ. "ಇವತ್ತಿನ ಮದ್ದು ಆರು, ಆರೂವರೆ ಹೊತ್ತಿಗೆ ಇಳಿಯುತ್ತೆ. ಇಳಿಯೋವಾಗ ಮಾಮೂಲಿಗಿಂತ ಜೋರಾಗಿ ಬರಬಹುದು. ಈ ಮಾತ್ರೆ ಐದೂವರೆಗೇ ನುಂಗಿಬಿಡಿ, ತಿಳೀದ ಹಾಗೆ ಕಳೆದುಹೋಗುತ್ತೆ."

ಮಾತ್ರೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಅವನು ಐದೂವರೆ ದಾಟುವುದನ್ನು ಹೋಟೆಲೊಂದರ ಗೋಡೆಗಡಿಯಾರದಲ್ಲಿ ನೋಡುತ್ತ ಕೂತ. ಮುಂದಿದ್ದ ಕಾಫಿ ತಣ್ಣಗಾಯಿತು. ನುಂಗಿಬಿಡಬಹುದು. ನುಂಗಿದರೆ ಇವತ್ತು ಕಳೆಯುತ್ತದೆ. ನಾಳೆ ಒಂದು ದಿನ ಹೇಗೋ ದೂಡಿದರೆ ಗುರುವಾರ ಬರುತ್ತದೆ, ಆಮೇಲೆ ಅಕ್ಕನ ಬಾಗಿಲಿಗೆ ತೆಗೆದುಕೊಂಡು ಹೋಗಲು ಅವನ ಹತ್ತಿರ ನೋವೇ ಇರುವುದಿಲ್ಲ. ಎಷ್ಟು ಸಲೀಸು! ಆ ಸಲೀಸನ್ನು ಕಂಡೇ ಅವನು ಮಾತ್ರೆ ಮುಟ್ಟಲಿಲ್ಲ. ಆರು ಹೊಡೆದಾಗ ಬೆರಳ ತುದಿಯಲ್ಲಿ ಇರುವೆ ಹರಿದ ಹಾಗಾಯಿತು. ಬೆರಳಿನಿಂದ ಮೇಜಿನ ಅಂಚನ್ನು ಮುಟ್ಟಿದ. ಮೇಜು ಒರಟಾಗಿತ್ತು, ಒದ್ದೆಯಾಗಿತ್ತು. ಅಯ್ಯೋ, ಎಷ್ಟು ಚೆನ್ನಾಗಿ ತಿಳಿಯಿತು ಅದು! ಅಳು ಬಂದ ಹಾಗಾಯಿತು. ಅದರ ಹಿಂದೆಯೇ ಗಂಟು ಕಣ್ಣು ಬಿಟ್ಟಿತು.

ದೊಡ್ಡ ರಸ್ತೆ ದಾಟುವಷ್ಟರಲ್ಲಿ ನೋವು ಮೊಣಕೈಗೆ ಏರಿತ್ತು, ಮೆಟ್ಟಿಲು ಹತ್ತುವಷ್ಟರಲ್ಲಿ ಭುಜಕ್ಕೆ. ಅಕ್ಕನ ಉಗುರು ಮಧ್ಯಾಹ್ನದ ಸಾಲವನ್ನೆಲ್ಲ ಈಗ ವಸೂಲು ಮಾಡುತ್ತಿತ್ತು. ಕಟಕಟೆಯನ್ನು ಎಡಗೈಯಲ್ಲಿ ಹಿಡಿದು ಮೂರು ಸಲ ನಿಂತು ಉಸಿರು ತೆಗೆದುಕೊಂಡ. ಪ್ರತಿ ಸಲವೂ ಮಾತ್ರೆಯ ಜೇಬು ನೆನಪಾಯಿತು, ಪ್ರತಿ ಸಲವೂ ತಿರುಗಿ ಇಳಿದುಬಿಡೋಣವೆನ್ನಿಸಿತು. ಬಾಗಿಲ ಮುಂದೆ ನಿಂತು ಬಲಗೈ ಎತ್ತಿದ, ಯಾಕೆ ಬಲಗೈ ಎತ್ತಿದನೋ ಅವನಿಗೂ ಗೊತ್ತಿಲ್ಲ, ತಟ್ಟಿದ. ಕಣ್ಣಿಗೆ ಕತ್ತಲೆ ಬಂತು.

"ಯಾರು?"

"ನಾನು. ನೋಯ್ತಾ ಇದೆ."

ಬಾಗಿಲು ತೆರೆಯಿತು. ಅಕ್ಕನ ಕಣ್ಣಿನ ಮೇಲೆ ಕನ್ನಡಕವಿರಲಿಲ್ಲ, ಹಣೆಯ ಮೇಲೂ ಇರಲಿಲ್ಲ. ಅವನು ಮಧ್ಯಾಹ್ನ ಹೇಳಿದ್ದನ್ನೇ ಮತ್ತೆ ಹೇಳಿದ, ಬೆವರುತ್ತ, ಹಲ್ಲು ಕಚ್ಚುತ್ತ, ನಡುನಡುವೆ ನಿಲ್ಲಿಸಿ. ಸವರದೆ ಬರೆದದ್ದು. ಒರೆಸಿದ್ದು. ತಿರುಗಿಸಿದ್ದು. ನೀನು ಬಗ್ಗಿ ನೋಡುವಾಗ ನಾನು ಸುಮ್ಮನೆ ನಿಂತದ್ದು. ಈ ಸಲ ಆ ಮಾತು ಮಧ್ಯಾಹ್ನಕ್ಕಿಂತ ಉದ್ದವಾಯಿತು. ಅವಳು ಪೂರ್ತಿ ಕೇಳಿದಳು. ಆಮೇಲೆ ಮೂಲೆಯಲ್ಲಿದ್ದ ಚಪ್ಪಲಿ ಹಾಕಿಕೊಂಡಳು.

"ಕಾರ್ಖಾನೆ ಮುಚ್ಚೋದು ಏಳಕ್ಕಲ್ವಾ ಈಗಲೂ? ಯಜಮಾನ್ರು ಇರ್ತಾರೆ. ನಡೀರಿ."

ಇವತ್ತೇ ಎಂದು ಅವನು ಎಣಿಸಿರಲಿಲ್ಲ. ಎಂಟು ಜನ ಹೊಲಿಯುವವರು, ಕಸ ಗುಡಿಸುವವಳು, ಎಲ್ಲರೂ ಇರುವ ಹೊತ್ತು. ಇಬ್ಬರೂ ಮೆಟ್ಟಿಲಿಳಿದು ರಸ್ತೆಯ ಅಂಚಿಗೆ ಬಂದರು. ದೀಪಗಳು ಹತ್ತಿದ್ದವು, ಗಾಡಿಗಳು ಒಂದರ ಹಿಂದೊಂದು ಬಿಡುವಿಲ್ಲದೆ ನುಗ್ಗುತ್ತಿದ್ದವು. ಆಚೆಗೆ, ಎರಡನೆಯ ಅಂತಸ್ತಿನಲ್ಲಿ ಕಾರ್ಖಾನೆಯ ಟ್ಯೂಬ್‌ಲೈಟುಗಳು ಇನ್ನೂ ಉರಿಯುತ್ತಿದ್ದವು. ಅಕ್ಕ ರಸ್ತೆಯನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು, ಎಂಟು ತಿಂಗಳ ಅಭ್ಯಾಸ. ಆಸರೆಗೆ ಕೈ ಚಾಚಿದಳು. ಅವನು ಅವಳ ಇನ್ನೊಂದು ಪಕ್ಕಕ್ಕೆ ಬಂದು ಎಡಗೈ ಕೊಟ್ಟ.

"ಅದಲ್ಲ," ಎಂದಳು ಅಕ್ಕ, ರಸ್ತೆಯಿಂದ ಕಣ್ಣು ತೆಗೆಯದೆ. "ಆ ಕೈ."

ಅವನು ಮತ್ತೆ ಈ ಪಕ್ಕಕ್ಕೆ ಬಂದು ಬಲಗೈಯನ್ನು ಎದೆಯಿಂದ ಬಿಡಿಸಿ ಕೊಟ್ಟ. ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಇಬ್ಬರೂ ರಸ್ತೆಗೆ ಇಳಿದರು.